ಮಾಡದಕೆರೆಯ ಟ್ಯಾಂಕು ಸುಮ್ಮನಾದ ಮೇಲೆ

ಪಂಪ್‌ಹೌಸಿನ ಬಾಗಿಲಲ್ಲಿ ಓಬಳೇಶ್ ನಿಂತಿದ್ದನ್ನು ಕಂಡು ಹೇಮಾವತಿಗೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಲ್ಲಿಡಬೇಕೆಂದೇ ತೋಚಲಿಲ್ಲ. ಗಡ್ಡ ಬಿಟ್ಟಿದ್ದ. ಸ್ವಲ್ಪ ಇಳಿದುಹೋಗಿದ್ದ. ಕಣ್ಣು ಮಾತ್ರ ಹಾಗೆಯೇ, ತುಟಿಗಿಂತ ಮೊದಲು ನಕ್ಕುಬಿಡುವ ಕಣ್ಣು.

"ಗುರುತು ಸಿಕ್ತೇನ್ರಿ ಮೇಡಮ್ಮೋರೆ?"

"ಸಿಗದೆ ಏನು? ಸೆನ್ಸರ್ ಕೂರಿಸೋರು ತಾನೆ?"

ಅವನು ನಕ್ಕ. ಅವಳೂ ನಕ್ಕಳು. ಈ ಹಾಳು ನಗು ಒಂದಿಲ್ಲದಿದ್ದರೆ ಇಬ್ಬರೂ ಎಂದೋ ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು.

ಇಬ್ಬರೂ ಚಿತ್ರದುರ್ಗದ ಗೌಸ್ ಸಾಬರ, ಮೋಟಾರಿನ ಕಂಟ್ರೋಲ್ ಪ್ಯಾನೆಲ್ ಮಾಡುವ ವರ್ಕ್‌ಶಾಪಿನವರು. ಹೊಸದುರ್ಗದ ಹೊರಗಿನ ಈ ಪಂಪ್‌ಹೌಸಿನಿಂದ ಸುತ್ತಲ ಹಳ್ಳಿಗಳ ಟ್ಯಾಂಕುಗಳಿಗೆ ನೀರು ಹೋಗುತ್ತದೆ. ನೀರು ಎಷ್ಟಿದೆ ಎಂದು ಹೇಳುವ ಸೆನ್ಸರನ್ನು ಪ್ರತಿ ಟ್ಯಾಂಕಿನಲ್ಲೂ ಕೂರಿಸಿದವನು ಓಬಳೇಶ್. ಅವು ಕಳಿಸುವ ಸುದ್ದಿ ಕೇಳಿ ಯಾವ ಊರಿಗೆ ಎಷ್ಟು ನೀರು ಎಂದು ತೀರ್ಮಾನಿಸುವ ಕಂಟ್ರೋಲರ್ ಹೇಮಾವತಿಯದು. ಸಿಡಿಲು ಬಡಿಯಲಿ, ಇಲಿ ವೈರು ಕಡಿಯಲಿ, ಒಂದು ಸೆನ್ಸರ್ ಸುಮ್ಮನಾಯಿತೆಂದು ಎಲ್ಲವೂ ನಿಲ್ಲಬಾರದು. ಅದು ಕೊನೆಯ ಸಲ ಹೇಳಿದ್ದನ್ನೇ ಹಿಡಿದುಕೊಂಡು, ಆ ಊರಿನವರು ದಿನಾ ಎಷ್ಟು ಬಳಸುತ್ತಾರೆಂದು ನೋಡಿಕೊಂಡು, ಕಂಟ್ರೋಲರ್ ಅಂದಾಜಿನಲ್ಲೇ ನಡೆಸಿಕೊಂಡು ಹೋಗಬೇಕು. ಅವಳು ಜೀವ ತೇದು ಮಾಡಿದ್ದು ಅದನ್ನೇ.

ಹೋದ ವರ್ಷ ಅದನ್ನು ಪರೀಕ್ಷಿಸಿದ ದಿನ ಅವನು ಒಂದೊಂದೇ ಊರಿನ ಟ್ಯಾಂಕು ಹತ್ತಿ, ವೈರು ಕಿತ್ತು, ಪಂಪ್‌ಹೌಸಿನಲ್ಲಿದ್ದ ಅವಳಿಗೆ ಫೋನ್ ಮಾಡುತ್ತಿದ್ದ.

"ಮಾಡದಕೆರೇದು ಕಿತ್ತೆ. ಮೋಟಾರ್ ನಿಂತೋಯ್ತೇನ್ರಿ?"

"ಇಲ್ಲ. ನಡೀತೈತೆ."

"ಅಬ್ಬಬ್ಬ! ನಾಳೆ ನಾನೇ ಇಲ್ದಂಗಾದ್ರೆ? ನಿಮಗೇನಾರ ಆಗುತ್ತೇನ್ರಿ?"

ತಮಾಷೆಯಂತೆಯೇ ಕೇಳಿದ್ದ. ಆದರೆ ಆಮೇಲೆ ಫೋನಿನಲ್ಲಿ ಬರೀ ಗಾಳಿಯ ಸದ್ದು. ಅವನು ಉಸಿರು ಬಿಗಿಹಿಡಿದು ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಾಗಿತ್ತು. ಕೆನ್ನೆ ಬಿಸಿಯಾಗಿತ್ತು. ಆದರೂ ಬಿಂಕ ಬಿಡಲಿಲ್ಲ.

"ಯಾವ್ದು ಹೋದ್ರೂ ನಡೆಯಂಗೆ ಮಾಡೀನ್ರಿ ನಾನು."

"ಓ," ಎಂದು ಫೋನ್ ಇಟ್ಟಿದ್ದ.

ಸ್ವಲ್ಪ ದಿನಕ್ಕೆ ಅವನು ಹಿರಿಯೂರಿನ ಕೆಲಸಕ್ಕೆ ಹೋದ. ಫೋನು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಹೇಮಾವತಿ ತಾನಾಗಿ ಮಾಡಿದಳೇ? ಇಲ್ಲ. ಅವನ ಆ ಪ್ರಶ್ನೆಯನ್ನೇ ಎದೆಗವಚಿಕೊಂಡು, ಇನ್ನೂ ಪ್ರೀತಿಸುತ್ತಿರಬೇಕು ಎಂದು ಅಂದಾಜು ಹಾಕಿಕೊಂಡು, ಹೊತ್ತಿಗೆ ಸರಿಯಾಗಿ ವರ್ಕ್‌ಶಾಪಿಗೆ ಹೋದಳು. ಹೂ ಮುಡಿದಳು, ಡಬ್ಬಿಯ ಊಟ ಹಂಚಿಕೊಂಡಳು, ಎಲ್ಲರ ಜೋಕಿಗೂ ನಕ್ಕಳು. ಒಳಗೆ ಏನು ಬತ್ತಿಹೋಗುತ್ತಿದೆ ಎಂದು ಹೆತ್ತ ತಾಯಿಗೂ ತಿಳಿಯಗೊಡಲಿಲ್ಲ.

ಈಗ ಮಾಡದಕೆರೆಯ ಮೇಲಿನ ಕೇರಿಗೆ ನೀರೇ ಬರುತ್ತಿಲ್ಲವೆಂದು ದೂರು ಬಂದಿತ್ತು. ಇಲ್ಲಿ ಸ್ಕ್ರೀನಿನ ಮೇಲೆ ನೋಡಿದರೆ ಆ ಟ್ಯಾಂಕು ಅರ್ಧ ತುಂಬಿತ್ತು. ಅದಕ್ಕೇ ಗೌಸ್ ಸಾಬರು ಓಬಳೇಶನನ್ನು ಹಿರಿಯೂರಿನಿಂದ ಕರೆಸಿದ್ದು.

"ಅಲ್ಲಿಗೆ ಹೋಗೇ ಬಂದೆ," ಎಂದ ಅವನು. "ಸೆನ್ಸರ್ ಸತ್ತು ಎಷ್ಟು ತಿಂಗಳಾಯ್ತೋ. ಒಳಗೆಲ್ಲ ತುಕ್ಕು. ಟ್ಯಾಂಕಿನ ತಳ ಕಾಣ್ತೈತೆ. ನಿಮ್ಮ ಕಂಟ್ರೋಲರ್ ಒಬ್ರಿಗೂ ಹೇಳಿಲ್ಲ ನೋಡ್ರಿ."

ಹೇಮಾವತಿಯ ಮುಖ ಸಪ್ಪಗಾಯಿತು. "ನಿಲ್ಲಬಾರ್ದು ಅಂತಷ್ಟೇ ನೋಡ್ದೆ. ಸೆನ್ಸರ್ ಹೋದಾಗ ಕೂಗೋಕೆ ಒಂದು ಅಲಾರಂ ಇಡಬೇಕಿತ್ತು. ಇಡಲೇ ಇಲ್ಲ."

"ನಿಂತೋಗಿದ್ರೇ ಚೆನ್ನಾಗಿತ್ತು. ಯಾರಾದ್ರೂ ಓಡಿ ಬರ್ತಿದ್ರು."

ಅವಳು ಸ್ಕ್ರೀನಿನಿಂದ ಕಣ್ಣೆತ್ತಿದಳು. ಇನ್ನು ತಡೆಯಲಾಗಲಿಲ್ಲ.

"ನಾನೂ ಹಂಗೇ ಮಾಡ್ದೆ ಓಬಳೇಶ್. ನೀವು ಹೋದ್ಮೇಲೆ ಒಂದಿನಾನೂ ಚೆನ್ನಾಗಿರಲಿಲ್ಲ. ಆವತ್ತು ಕೇಳಿದ್ರಲ್ಲ, ಏನಾರ ಆಗುತ್ತಾ ಅಂತ? ಆಗುತ್ತೆ ಕಣ್ರಿ. ಜೀವನೇ ಹೋದಂಗಾಗುತ್ತೆ."

ಅವನು ಮೋಟಾರಿನ ಕಟ್ಟೆಯ ಮೇಲೆ ಕುಸಿದು ಕುಳಿತ.

"ಗೌಸ್ ಸಾಬ್ರನ್ನ ಪ್ರತಿ ಸಲಾನೂ ಕೇಳ್ತಿದ್ದೆ, ಹೇಮಾ ಹೆಂಗವ್ರೆ ಅಂತ. ಮೊದ್ಲಿಗಿಂತ ಚೆನ್ನಾಗಿ ಕೆಲಸ ಮಾಡ್ತವ್ಳೆ ಕಣಪ್ಪ ಅನ್ನೋರು. ಹೋಗ್ಲಿ ಬಿಡು, ನಾನು ಯಾವ ಲೆಕ್ಕ ಅನ್ಕಂಡೆ."

"ಈಗ?"

ಅವನು ಬೆರಳಿನ ಉಂಗುರ ತಿರುಗಿಸಿದ. ಅಲ್ಲಿಯವರೆಗೆ ಅವಳು ಅದನ್ನು ಗಮನಿಸಿರಲಿಲ್ಲ.

"ಹಿರಿಯೂರಲ್ಲಿ ನಿಶ್ಚಯ ಆಗೈತೆ. ಸ್ವಾತಿ ಅಂತ."

"ಮನೆಯವ್ರ ಬಲವಂತಕ್ಕಾ?"

ಹೌದು ಅನ್ನಲಿ ಎಂದು ಅವಳು ಕಂಡ ದೇವರನ್ನೆಲ್ಲ ಬೇಡಿಕೊಂಡಳು. ಹೌದು ಅಂದುಬಿಟ್ಟರೆ, ನಾಚಿಕೆ ಬಿಟ್ಟು ಆ ಉಂಗುರ ಬಿಚ್ಚಿಸಲೂ ತಯಾರಿದ್ದಳು.

ಓಬಳೇಶನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಮೊದ್ಲು ಹಂಗೇ ಇತ್ತು. ಈಗ... ನಾನು ಫೋನ್ ಮಾಡೋದು ಚೂರು ತಡ ಆದ್ರೆ ಅವಳು ಅತ್ತೇಬಿಡ್ತಾಳೆ ಹೇಮಾ. ಏನೂ ಮುಚ್ಚಿಡಲ್ಲ. ನನಗೂ ಅವಳ ಮೇಲೆ ಮನಸ್ಸಾಗೋಯ್ತು."

ಅವಳು ತಲೆಯಾಡಿಸಿದಳು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿದಳು.

ವಾಪಸು ಹೋಗಲು ಇದ್ದದ್ದು ವರ್ಕ್‌ಶಾಪಿನ ಒಂದೇ ಜೀಪು. ರಾಮಗಿರಿಯ ಬೆಟ್ಟ ಕಂಡು ಹಿಂದೆ ಸರಿಯಿತು. ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಬಂತು.

"ಇಲ್ಲೇ ಇಳಿಸ್ರಿ."

"ಇಬ್ರೂ ದುರ್ಗಕ್ಕೇ ಅಲ್ವ ಹೋಗೋದು?"

"ನಿಮ್ಮ ಪಕ್ಕ ಕುಂತು ಬರೋಕೆ ನನ್ನ ಕೈಲಾಗಲ್ಲ."

ಅವನು ಜೀಪು ನಿಲ್ಲಿಸಿದ. ಕಣ್ಣು ತುಂಬಿಕೊಂಡಿತ್ತು. ಇಳೀಬೇಡ ಅನ್ನಲಿ ಎಂದು ಅವಳು ಬಾಗಿಲು ಹಿಡಿದು ಒಂದು ಗಳಿಗೆ ಕಾದಳು. ಅವನು ಅನ್ನಲಿಲ್ಲ.

ದುರ್ಗದ ಬಸ್ಸು ಬಂತು, ಹೋಯಿತು. ಮತ್ತೊಂದು ಬಂತು. ಅದಕ್ಕೂ ಅವಳ ಕಾಲು ಏಳಲಿಲ್ಲ. ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಅವಳ ಮುಖ ನೋಡಿ ತನ್ನ ಕೈಚೀಲ ಸರಿಸಿಕೊಂಡು ಹತ್ತಿರ ಬಂದಳು.

"ಯಾರಾದ್ರೂ ತೀರ್ಕಂಡ್ರೇನವ್ವ? ಮಣ್ಣಿಗೆ ಹೊಂಟೀಯ?"

"ಹೂನಜ್ಜಿ."

"ಹತ್ರದೋರಾ?"

"ಭಾಳ ಹತ್ರದೋರು," ಎಂದಳು ಹೇಮಾವತಿ.

ಮುದುಕಿ ಅವಳ ಕೈ ಹಿಡಿದುಕೊಂಡಳು. ಅಷ್ಟು ಜನ ನೋಡುತ್ತಿರುವಾಗಲೇ ಹೇಮಾವತಿ ದನಿ ತೆಗೆದು ಅತ್ತಳು.