ಗೋಡೆಗೆ ಮುಖಮಾಡಿದವಳು

"ಅವಳನ್ನ ಮಾತ್ರ ತಿರುಗಿಸ್ಬೇಡ ಕಣಪ್ಪಾ. ಅವಳ ಮುಖ ಗೋಡೆಗೇ ಇರ್ಲಿ," ಎಂದಳು ಗಂಟೆಗೋಪುರ ಕಾಯುವ ಮುದುಕಿ ಕ್ರೆಸೆನ್ಸ್.

ಗೋಪುರದ ಗಡಿಯಾರದ ರಿಪೇರಿಗೆಂದು ಬಂದಿದ್ದ ವೆಂಡೆಲಿನ್ ನಕ್ಕುಬಿಟ್ಟ. ಆ ಪುಟ್ಟ ಜರ್ಮನ್ ಊರಿನ ಪುರಸಭೆಯ ಗೋಪುರದಲ್ಲಿ ಬೆಳಗಿನ ಹನ್ನೊಂದಕ್ಕೆ ಗಂಟೆಗಳು ಹಾಡು ನುಡಿಸುತ್ತಿದ್ದವು. ಆಳೆತ್ತರದ ಮರದ ಬೊಂಬೆಗಳು ಒಂದು ಬಾಗಿಲಿಂದ ಹೊರಬಂದು, ದುಂಡುಗೋಡೆಯೊಂದನ್ನು ಸುತ್ತಿ, ಇನ್ನೊಂದು ಬಾಗಿಲಿಂದ ಒಳಗೆ ಹೋಗುತ್ತಿದ್ದವು. ಕಮ್ಮಾರ, ರೊಟ್ಟಿಯವ, ಪೀಪಾಯಿಯವ ಎಲ್ಲರೂ ಚೌಕದ ಜನರತ್ತ ಮುಖಮಾಡಿದ್ದರು. ಕೊನೆಯ ಹೆಂಗಸೊಬ್ಬಳೇ ಬೆನ್ನು ತಿರುಗಿಸಿದ್ದಳು. ಅವಳ ಮುಖಕ್ಕೂ ಗೋಡೆಗೂ ನಾಲ್ಕೇ ಬೆರಳಿನ ಸಂದು.

"ಜೋಡಿಸಿದೋನು ಕುಡಿದಿದ್ದ ಅಷ್ಟೇ, ಅಜ್ಜಿ."

"ಕುಡಿದಿರ್ಲಿಲ್ಲ, ಹೆದರಿದ್ದ. ಪ್ಲೇಗಿನ ಕಾಲದಲ್ಲಿ ಜ್ವರದ ಮಗೂನ ಎತ್ಕೊಂಡು ಬಂದವಳಿಗೆ ಪುರಸಭೆಯೋರು ಬಾಗ್ಲು ಹಾಕಿದ್ರು. ಮಗು ಮೆಟ್ಟಿಲ ಮೇಲೇ ಹೋಯ್ತು. 'ನಿಮ್ಮ ಮಕ್ಳು ನನ್ನ ಕಣ್ಣಿಗೆ ಬಿದ್ರೆ ಬಿಡಲ್ಲ' ಅಂತ ಶಪಿಸಿ ಅವಳೂ ಸತ್ಳು. ಪಾಪ ಕಳೀಲಿ ಅಂತ ಅವಳ ಬೊಂಬೆ ಮಾಡಿಸಿದ್ರೆ, ಮೊದಲ್ನೇ ದಿನವೇ ಒಂದು ಮಗು ಕಾಣೆ."

"ಮರದ ಕಣ್ಣಿಗೆ ಏನಜ್ಜಿ ಕಾಣತ್ತೆ? ಗೆದ್ದಲಾ?"

ವೆಂಡೆಲಿನ್‌ನ ತಾಯಿಯಿಲ್ಲದ ಆರು ವರ್ಷದ ಮಗಳು ಲಿಯೋಬಾ ದಿನವೂ ಕೇಳುತ್ತಿದ್ದಳು: "ಅಪ್ಪಾ, ಅವಳ್ಯಾಕೆ ಮುನಿಸ್ಕೊಂಡಿದಾಳೆ? ಈ ಕಡೆ ತಿರುಗ್ಸು." ಮಗಳು ಕೇಳಿದ್ದಕ್ಕೆ ಇಲ್ಲವೆನ್ನುವ ಎದೆ ಅವನಿಗಿರಲಿಲ್ಲ. ಮರುದಿನ ಬೆಳಿಗ್ಗೆ ಅವಳಿಗೆ ಎರಡು ಜಡೆ ಹೆಣೆದ. ಗಡಿಯಾರದ ಹಲ್ಲುಚಕ್ರವನ್ನು ಕೂದಲೆಳೆಯ ಲೆಕ್ಕದಲ್ಲಿ ಕೂರಿಸುವ ಕೈಗೆ ಜಡೆ ಮಾತ್ರ ಒಲಿದಿರಲಿಲ್ಲ; ಎಂದಿನಂತೆ ಒಂದು ಮೇಲೆ, ಒಂದು ಕೆಳಗೆ. ಆಮೇಲೆ ಗೋಪುರ ಹತ್ತಿ ಬೊಂಬೆಯನ್ನು ತಿರುಗಿಸಿದ.

ಹನ್ನೊಂದಾಯಿತು. ಗಂಟೆಗಳು ಮೊಳಗಿದವು. ಎಣ್ಣೆಯ ಕಮಟು, ಪಾರಿವಾಳದ ಹಿಕ್ಕೆಯ ನಾತದ ನಡುವೆ ನಿಂತು ವೆಂಡೆಲಿನ್ ಕಿಂಡಿಯಲ್ಲಿ ನೋಡಿದ. ಚೌಕದಲ್ಲಿ ಲಿಯೋಬಾ ಕೈ ಬೀಸುತ್ತಿದ್ದಳು. ಹೆಂಗಸು ಹೊರಗೆ ಹೋದಳು. ಮರ ನರಳಿತು. ಹಾಡು ತಪ್ಪಿತು. ಅವನು ಮತ್ತೆ ಇಣುಕಿದ. ಕಲ್ಲುಹಾಸಿನ ಮೇಲೆ ಅರ್ಧ ತಿಂದ ಬನ್ನು. ಮಗಳಿಲ್ಲ.

"ಲಿಯೋಬಾ!"

ಬಾಗಿಲು ತೆರೆಯಿತು. ಹೆಂಗಸು ಒಳಗೆ ಬಂದಳು. ಅವಳ ಕೈ ಹಿಡಿದು ಒಂದು ಪುಟ್ಟ ಬೊಂಬೆ. ಹಸಿ ಮರದ ವಾಸನೆ. ಲಿಯೋಬಾಳದೇ ನಗು. ಅವನು ಮುಟ್ಟಿದ. ಬೆಚ್ಚಗಿತ್ತು. ಎಳೆದ. ಮರದೊಳಗಿಂದ ಸಣ್ಣಗೆ ಅಳು ಕೇಳಿತು. ಬಿಟ್ಟುಬಿಟ್ಟ.

ಏದುಸಿರು ಬಿಡುತ್ತ ಬಂದ ಕ್ರೆಸೆನ್ಸ್ ಅಲ್ಲೇ ಕುಸಿದಳು. "ನಾಳೆ ಶಾಲೆ ಮಕ್ಳು ಬರ್ತಾರೆ, ಅಪ್ಪಾ. ಅವಳನ್ನ ತಿರುಗ್ಸಿಬಿಡು."

"ಯಂತ್ರ ನಿಲ್ಸ್ತೀನಿ, ಅಜ್ಜಿ."

"ಹಿಂದೆ ನಿಲ್ಸಿ ನೋಡಿದಾರೆ. ಯಂತ್ರ ನಿಂತ್ರೂ ಅವಳೊಬ್ಳೇ ಹೊರಗೆ ಬಂದ್ಳು."

"ಗೋಡೆಗೆ ತಿರುಗ್ಸಿದ್ರೆ ನನ್ ಮಗು ಮುಖ ಇನ್ನು ನಂಗೆ ಕಾಣಲ್ಲ!"

ಮುದುಕಿ ಶಾಲಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ವೆಂಡೆಲಿನ್ ಮಗಳ ಮರದ ಹಣೆಗೆ ಮುತ್ತಿಟ್ಟು, ಅದು ಒದ್ದೆಯಾಗುವಷ್ಟು ಅತ್ತ. ಬೇರೆಯವರ ಮಕ್ಕಳಿಗಾಗಿ, ತನ್ನ ಕೈಯಿಂದಲೇ, ಇಬ್ಬರನ್ನೂ ಗೋಡೆಗೆ ತಿರುಗಿಸಿದ.

ಅವನು ಆ ಊರು ಬಿಡಲಿಲ್ಲ. ದಿನವೂ ಹನ್ನೊಂದಕ್ಕೆ ಚೌಕದಲ್ಲಿ ನಿಲ್ಲುತ್ತಾನೆ. ದೊಡ್ಡ ಬೆನ್ನಿನ ಪಕ್ಕದಲ್ಲಿ ಪುಟ್ಟ ಬೆನ್ನು ಸಾಗುತ್ತದೆ. ಜಡೆ ಒಂದು ಮೇಲೆ, ಒಂದು ಕೆಳಗೆ. ಮನೆಗೆ ಹೋಗಿ ಹಗ್ಗದ ಮೂರು ಎಳೆ ಹಿಡಿದು ಕೂರುತ್ತಾನೆ. ಈಗ ಅವನಿಗೆ ಜಡೆ ಚೆನ್ನಾಗಿ ಹೆಣೆಯಲು ಬರುತ್ತದೆ.