ಇನ್ನಾಸ್ ಬಿಟ್ಟದ್ದೇನು?

"ಇದು ಬ್ಲೌಸಿನ ತೋಳಾ, ದಿಂಬಿನ ಕವರಾ?"

ಶಿವಾಜಿನಗರದ ಅಕ್ತರ್ ಭಾಯ್ ಟೈಲರ್ ಅಂಗಡಿಯಲ್ಲಿ ಅದು ಹಂಸಾಳ ಮೊದಲ ದಿನ, ಮೊದಲ ಹೊಲಿಗೆ. ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದವನು ಬಟ್ಟೆ ಕತ್ತರಿಸುವ ಇನ್ನಾಸ್. ಸಿಟ್ಟು ನೆತ್ತಿಗೇರಿ ಅವಳು ಕೈಯಲ್ಲಿದ್ದ ಟೇಪನ್ನು ಅವನ ಮುಖಕ್ಕೇ ಎಸೆದಳು!

ಅವನು ಹಿಡಿದು ಕೊರಳಿಗೆ ಹಾಕಿಕೊಂಡ. "ಹಾರ ಹಾಕಿದ್ದಕ್ಕೆ ಥ್ಯಾಂಕ್ಸ್."

ಅಬ್ಬಾ, ಎಂಥ ಬಾಯಿ ಇವನದು!

ಆಮೇಲೆ ಜಗಳವಿಲ್ಲದ ದಿನ ಇಬ್ಬರಿಗೂ ಉಪ್ಪಿಲ್ಲದ ಊಟವಾಯಿತು. ಆ ಜಗಳದ ನಡುವೆ ಪ್ರೀತಿ ಯಾವಾಗ ಬಂದು ಕೂತಿತೋ ಹಂಸಾಗೆ ತಿಳಿಯಲೇ ಇಲ್ಲ. ತಾನು ಹಲಸೂರಿನ ಬೈಲಪ್ಪನ ಮಗಳು, ಅವನು ಚರ್ಚಿಗೆ ಹೋಗುವ ಹುಡುಗ... ಬಾಯಿಬಿಟ್ಟು ಹೇಳುವುದು ಹೇಗೆ? ಅವನೇ ಹೇಳಲಿ ಎಂದು ಕಾದಳು.

ತೊಂಬತ್ತೇಳರ ಫೆಬ್ರವರಿಯಲ್ಲಿ ಅವಳನ್ನು ನೋಡಿ ಹೋದ ಗಂಡಿನ ಕಡೆಯವರು ಬೇಡ ಎಂದರು. ಸುದ್ದಿ ಕೇಳಿ ಇನ್ನಾಸ್ ಜೋರಾಗಿ ನಕ್ಕ.

"ಅವರಿಗೂ ನಿನ್ನ ಹೊಲಿಗೆ ತೋರಿಸಿಬಿಟ್ಯಾ?"

ಅಂಗಡಿಯವರೆಲ್ಲ ನಕ್ಕರು. ಹಂಸಾ ಹಿಂದಿನ ಕೋಣೆಗೆ ಹೋಗಿ, ಬಟ್ಟೆಯ ರಾಶಿಗೆ ತಲೆಯಿಟ್ಟು ಅತ್ತಳು.

ಆ ಬುಧವಾರ ಇನ್ನಾಸ್ ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಬಂದ.

"ಏನೋ, ವಿಭೂತಿ? ಯಾವಾಗಿಂದ ಶಿವಭಕ್ತ ಆದೆ?" ಹಂಸಾಳೇ ಕೆಣಕಿದಳು. ಅಳು ಮರೆತಾಗಿತ್ತು, ಜಗಳಕ್ಕೆ ಸಜ್ಜಾಗಿದ್ದಳು.

"ಇವತ್ತಿಂದ ಈಸ್ಟರ್‌ವರೆಗೆ ನಮ್ಮ ಉಪವಾಸದ ಕಾಲ, ಹಂಸಾ," ಎಂದ ಮೆಲ್ಲಗೆ. ಅಷ್ಟೇ!

ಮರುದಿನ ಬೇಕೆಂತಲೇ ಸೊಟ್ಟ ಹೊಲಿದು ಅವನ ಮುಂದಿಟ್ಟಳು.

"ಪರವಾಗಿಲ್ಲ, ನಾನು ಸರಿಮಾಡ್ತೀನಿ."

ಯಾರಿವನು? ಇನ್ನಾಸ್‌ನ ವೇಷ ಹಾಕಿಕೊಂಡು ಬಂದ ಬೇರೆಯವನಾ? ಬೈಯಲಿಲ್ಲ, ಕೆಣಕಲಿಲ್ಲ. ಬ್ಯಾಂಕಿನ ಕೌಂಟರಿನವರು ಮಾತಾಡಿದ ಹಾಗೆ ಎರಡೇ ಮಾತು. ಹಂಸಾಳ ತಲೆ ಕೆಟ್ಟು ಮೊಸರಾಯಿತು.

ಅಷ್ಟರಲ್ಲಿ ಹೊಸ ತಿಪ್ಪಸಂದ್ರದಿಂದ ಇನ್ನೊಂದು ಸಂಬಂಧ ಬಂತು. ಭಾನುವಾರ ನೋಡೋಕೆ ಬರ್ತಾರಂತೆ.

"ಏನ್ ಹೇಳ್ಲಿ ಅವರಿಗೆ?" ಅವನನ್ನೇ ಕೇಳಿದಳು. *ಬೇಡ ಅನ್ನು... ಒಂದೇ ಒಂದು ಸಲ ಅನ್ನೋ!*

ಕತ್ತರಿ ಅರೆಗಳಿಗೆ ನಿಂತಿತು. "ಒಳ್ಳೇ ಜನ ಅಂತ ಕೇಳಿದೀನಿ. ನಿಂಗೆ ಒಳ್ಳೇದಾಗ್ಲಿ."

ಆ ಮೆತ್ತನೆಯ ಮಾತು ಹಿಂದಿನ ಎಲ್ಲ ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಭಾನುವಾರ ಹೂಂ ಅಂತ ತಲೆಯಾಡಿಸಿಬಿಡೋದೇ ಎಂದುಕೊಂಡಳು.

ಶನಿವಾರ ಅವಳ ಬಾಡಿದ ಮುಖ ನೋಡಿ ಅಕ್ತರ್ ಭಾಯ್ ಹೇಳಿದರು, "ಅವನ ಮೇಲೆ ಬೇಜಾರಾ ಬೇಟಿ? ಮೊನ್ನೆ ನಮ್ಮ ರಂಜಾನ್ ಮುಗೀತು, ಈಗ ಅವರ ಉಪವಾಸ. ಬಿಡೋಕೆ ಆಗದೇ ಇರೋದನ್ನ ದೇವರಿಗೋಸ್ಕರ ಬಿಡ್ತಾರೆ. ಏನು ಬಿಟ್ಟೆ ಅಂತ ಡಂಗುರ ಹೊಡೆಯಲ್ಲ. ಹೋದ ವರ್ಷ ಸಿಗರೇಟ್ ಬಿಟ್ಟಿದ್ದ. ಈ ಸಲ ಏನು ಬಿಟ್ನೋ, ಅಲ್ಲಾನೇ ಬಲ್ಲ."

ಹಂಸಾ ಹೊಲಿಗೆ ಅಲ್ಲೇ ಬಿಟ್ಟು ಎದ್ದಳು. ಬಿಡೋಕೆ ಆಗದೇ ಇರೋದು... ಹಾಗಾದರೆ ನನ್ನನ್ನಾ? ಖುಷಿ ಪಡಬೇಕೋ ಅಳಬೇಕೋ ತಿಳಿಯದೆ ನೇರ ಅವನ ಮೇಜಿನ ಮುಂದೆ ಹೋಗಿ ನಿಂತಳು.

"ನಿಮ್ಮ ದೇವರಿಗೋಸ್ಕರ ನನ್ನನ್ನ ಬಿಟ್ಟಿದ್ದೀಯಾ?"

ಅವನು ಬೆಚ್ಚಿಬಿದ್ದ. "ನಿನ್ನನ್ನಾ? ಅಯ್ಯೋ, ಇಲ್ಲ!"

"ಮತ್ತೆ?"

ಇನ್ನಾಸ್ ತಲೆ ತಗ್ಗಿಸಿದ. "ಚುಚ್ಚುಮಾತು... ನೀನು ಅಳೋದು ಅವತ್ತು ನೋಡ್ದೆ. ಭಾನುವಾರ ದೇವರನ್ನ ಹಾಡೋ ಬಾಯಿ, ಸೋಮವಾರ ನಿನ್ನ ಕಣ್ಣಲ್ಲಿ ನೀರು ತರಿಸ್ತು. ನನ್ನ ಬಾಯಿ ಬಗ್ಗೆ ನಂಗೇ ಅಸಹ್ಯ ಆಯ್ತು ಹಂಸಾ."

"ಪೆದ್ದ! ನಾನು ಅತ್ತಿದ್ದು ಹೊಲಿಗೆಗಲ್ಲ. ಬೇರೆಯವರು ನನ್ನ ನೋಡಿ ಹೋದ್ರೂ ನಿಂಗೆ ಏನೂ ಅನ್ನಿಸಲಿಲ್ವಲ್ಲ, ಅದಕ್ಕೆ!"

"ಅನ್ನಿಸಲಿಲ್ವಾ? ಸಂಬಂಧ ತಪ್ತಲ್ಲ ಅಂತ ಖುಷಿಗೆ ನಕ್ಕಿದ್ದು ನಾನು..."

ಹಂಸಾ ಮೇಜಿಗೆ ಇನ್ನೂ ಹತ್ತಿರ ಬಂದಳು.

"ಮತ್ತೆ ಒಳ್ಳೇದಾಗ್ಲಿ ಅಂದೆ?" ಅವಳು ಕೇಳಿದಳು. "ಮನಸ್ಸಿಂದ ಅಂದ್ಯಾ?"

"...ಇಲ್ಲ."

"ಅಂದ್ರೆ ಸುಳ್ಳು! ಚುಚ್ಚೋದು ಬಿಟ್ಟು ಸುಳ್ಳು ಹೇಳು ಅಂತ ನಿಮ್ಮ ದೇವರು ಹೇಳಿದ್ನಾ?"

ಇನ್ನಾಸ್ ಕತ್ತರಿ ಕೆಳಗಿಟ್ಟ. ಹಣೆ ಒರೆಸಿಕೊಂಡ. "ಇಲ್ಲ. ಮೆತ್ತಗೆ ಮಾತಾಡಿದ್ರೆ ಸಾಕು ಅಂದ್ಕೊಂಡಿದ್ದೆ. ನಿಜ ಹೇಳೋ ಭಯಕ್ಕೂ ಮೆತ್ತಗಿರೋದು ಅಂತ ಹೆಸರಿಟ್ಟೆ. ನಿಜ ಹೇಳ್ತೀನಿ... ಅವರಿಗೆ ಬೇಡ ಅನ್ನು. ನಂಗೆ ನೀನು ಬೇಕು, ಹಂಸಾ."

ಅವಳ ಕಣ್ಣು ತುಂಬಿ ಬಂತು. "ಹಾಗಾದ್ರೆ ಅವರು ಬರೋ ಮುಂಚೆ ನಮ್ಮಪ್ಪನ ಹತ್ರ ಬಂದು ಇದನ್ನೇ ಹೇಳು. ಮೆತ್ತಗೇ ಹೇಳು, ಆದ್ರೆ ಹೇಳು."

"ನಾಳೆ ಪೂಜೆ ಮುಗಿದ ತಕ್ಷಣ ಚರ್ಚಿಂದ ನೇರ ಬರ್ತೀನಿ. ಎರಡೇಟು ಬಿದ್ರೂ ಬರ್ತೀನಿ."

ಹಂಸಾ ಕಣ್ಣೊರೆಸಿಕೊಂಡು, ಅವತ್ತು ಹೊಲಿದ ಬ್ಲೌಸನ್ನು ಅವನ ಮುಂದೆ ಎತ್ತಿ ಹಿಡಿದಳು.

"ಈ ತೋಳು ಹೇಗಿದೆ? ನಿಜ ಹೇಳ್ಬೇಕು."

ಅವನು ನೋಡಿದ. ತುಟಿ ಕಚ್ಚಿಕೊಂಡ. ಮತ್ತೊಮ್ಮೆ ನೋಡಿದ.

"ಈಸ್ಟರ್ ಕಳೀಲಿ, ಹೇಳ್ತೀನಿ."