ವಾಚಿನೊಳಗೆ ಸಿಕ್ಕ ಕೂದಲು

ನಾನು ರಿಪೇರಿ ಮಾಡಿ ಕೊಟ್ಟಿದ್ದ ವಾಚು ನಾಲ್ಕೇ ದಿನಕ್ಕೆ ನಿಂತು ವಾಪಸ್ ಬಂತು. ಯಜಮಾನರು ಮುಚ್ಚಳ ಬಿಚ್ಚಿ, ಚಿಮುಟದಲ್ಲಿ ಒಂದು ಕೂದಲನ್ನು ಎತ್ತಿ ಹಿಡಿದರು. ಗಿಡ್ಡ, ಕಂದು ಬಣ್ಣದ್ದು.

ಅವರ ಕಣ್ಣು ಸೀದಾ ಪಕ್ಕದ ಬೆಂಚಿನ ಕೆಳಗೆ ಹೋಯಿತು. ಅಲ್ಲಿ ಮುದುಕ ಮಲಗಿದ್ದ. ಮುದುಕ ಅಂದರೆ ಆ ಬೆಂಚಿನಲ್ಲಿ ಕೂತು ವಾಚು ರಿಪೇರಿ ಮಾಡುವ ಹುಡುಗನ ನಾಯಿ. ಹದಿಮೂರು ವರ್ಷ, ಕಿವಿ ಕೇಳದು, ಮೈಯೆಲ್ಲ ಕಂದು.

"ಕೆಲಸದ ಜಾಗಕ್ಕೆ ನಾಯಿ ಯಾಕಪ್ಪಾ ಅಂತ ಮೊದಲೇ ಹೇಳಿದ್ದೆ. ನಾಳೆಯಿಂದ ಕರ್ಕೊಂಡು ಬರಬೇಡ."

ಅವನು ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಆ ಕೂದಲು ನನ್ನದು ಕಣ್ರೀ! ಆ ವಾಚು ರಿಪೇರಿ ಮಾಡಿದ ದಿನದ ಹಿಂದಿನ ಸಂಜೆಯಷ್ಟೇ ಪಾರ್ಲರಿಗೆ ಹೋಗಿ ಮುಂಗೂದಲು ಕತ್ತರಿಸಿ, ಬಣ್ಣ ಹಾಕಿಸಿಕೊಂಡಿದ್ದೆ. ವಾಚು ಬಿಚ್ಚುವಾಗ ಟೋಪಿ ಹಾಕಲೇಬೇಕು ಅನ್ನುವುದು ನಮ್ಮಲ್ಲಿ ನಿಯಮ. ಟೋಪಿ ಹಾಕಿದರೆ ಪಕ್ಕದ ಬೆಂಚಿನವನಿಗೆ ಕಾಣುವುದು ಹೇಗೆ? ಯಜಮಾನರು ಹೊರಗೆ ಹೋದದ್ದೇ ತಡ, ತೆಗೆದಿಟ್ಟೆ. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ರಿಪೇರಿ ಲೆನ್ಸ್ ಸರಿಸಿ ನೋಡಿದ, ಕಿವಿ ಕೆಂಪಾಯಿತು, ಕೈಯಲ್ಲಿದ್ದ ಸ್ಕ್ರೂ ಜಾರಿ ಬಿತ್ತು. ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ.

ಈಗ ಬಾಯಿ ಬಿಟ್ಟರೆ ಕೆಲಸ ಹೋದೀತು. ಟೋಪಿ ಯಾಕೆ ತೆಗೆದೆ ಅಂತಲೂ ಹೇಳಬೇಕಾದೀತು. ಸುಮ್ಮನಿದ್ದುಬಿಟ್ಟೆ. ಹೇಡಿ ನಾನು!

ಒಂದು ವಾರ ಅವನು ಊಟ ಬಿಟ್ಟು ಮಧ್ಯಾಹ್ನ ಮುದುಕನನ್ನು ನೋಡಲು ಮನೆಗೆ ಓಡಿದ.

"ಹೇಗಿದ್ದಾನೆ?" ಅಂತ ಕೇಳಿದೆ.

"ಬಾಗಿಲು ಕೆರೆದೂ ಕೆರೆದೂ ಉಗುರಲ್ಲಿ ರಕ್ತ. ನಾಳೆ ಅಕ್ಕನ ಊರಿಗೆ ಬಿಟ್ಟು ಬರ್ತೀನಿ. ಈ ವಯಸ್ಸಲ್ಲಿ ಹೊಸ ಮನೆ... ಎಷ್ಟು ದಿನ ಇರ್ತಾನೋ."



"ಬಿಡಬೇಡ. ಆ ಕೂದಲು ನಂದು."

"ಏನಂದೆ?"

"ನೀನು ನೋಡಲಿ ಅಂತ ಅವತ್ತು ಟೋಪಿ ತೆಗೆದಿದ್ದೆ."

ಅವನು ನನ್ನನ್ನೇ ದಿಟ್ಟಿಸಿದ. ಅಂಥ ನೋಟಕ್ಕೆ ತಿಂಗಳುಗಟ್ಟಲೆ ಕಾದಿದ್ದವಳು ನಾನು, ಈಗ ಎದುರಿಸಲಾಗಲಿಲ್ಲ.

"ನೋಡಿದ್ದೆ ಕಣೇ. ಅವತ್ತಿಂದ ನಂಗೆ ನಿದ್ದೆ ಇಲ್ಲ," ಅಂದ. "ಆದ್ರೆ ಒಂದು ವಾರ ಹೇಗೆ ಸುಮ್ನಿದ್ದೆ? ನಿನ್ನಿಂದಾಗಿ ನಾನೂ ಅವನಿಗೆ ಬೈದೆ."

ನೇರ ಯಜಮಾನರ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ, ಯಾರಿಗಾಗಿ ಅನ್ನುವುದನ್ನೂ ಮುಚ್ಚಿಡಲಿಲ್ಲ. ನನ್ನನ್ನು ಬೆಂಚಿನಿಂದ ಎಬ್ಬಿಸಿ ಮೂರು ತಿಂಗಳು ಕೌಂಟರಿಗೆ ಹಾಕಿದರು. ನಾಯಿ ಬರಲಿ ಅಂದರು.

ಮರುದಿನ ಅವನು ಮುದುಕನನ್ನು ಎತ್ತಿಕೊಂಡೇ ಬಂದ. "ಮೊದಲು ಇವನ ಹತ್ರ ಕ್ಷಮೆ ಕೇಳು. ನನ್ನ ವಿಷಯ ಆಮೇಲೆ," ಅಂದ. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಮಂಡಿಯೂರಿ ಕೂತೆ. ಬ್ಯಾಂಡೇಜು ಸುತ್ತಿದ ಕಾಲನ್ನು ನನ್ನ ತೊಡೆಯ ಮೇಲಿಟ್ಟು ಮುದುಕ ಬಾಲ ಅಲ್ಲಾಡಿಸಿದ. ಗುರ್ ಅಂದಿದ್ದರೂ ತಡೆದುಕೊಳ್ಳುತ್ತಿದ್ದೆ. ಬಿಕ್ಕಿ ಬಿಕ್ಕಿ ಅತ್ತೆ. ಅವನು ಪಕ್ಕದಲ್ಲಿ ಕೂತು, ನನ್ನ ಕೈ ಹಿಡಿದ.